ಭಜನೆಗೆ ಬಂದ ಎಲೆಕ್ಟ್ರಿಕ್ ಗಿಟಾರ್

ಇಂದಿನ ಸಭೆಯ ಅಧ್ಯಕ್ಷರಾದ ಶ್ರೀ ಪಿಳ್ಳಣ್ಣನವರೇ, ಸನ್ಮಾನ ಬೇಡ ಬೇಡ ಎನ್ನುತ್ತಲೇ ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟು ಬಂದಿರುವ ಶ್ರೀ ಯುವರಾಜ್ ಅವರೇ, ಕುಮಾರಸ್ವಾಮಿ ಲೇಔಟಿನ ನಮ್ಮ ಮಹಿಳಾ ಭಜನಾ ಮಂಡಳಿಯ ಸಂಸ್ಥಾಪಕಿಯೂ ನನ್ನ ತಾಯಿಯೂ ಆದ ಶ್ರೀಮತಿ ನಾಗಲಕ್ಷ್ಮಮ್ಮನವರೇ, ಎಲೆ ಹಾಕಿದರೋ ಇಲ್ಲವೋ ಎಂದು ಆಗಲೇ ಹಿಂದಿರುಗಿ ನೋಡುತ್ತಿರುವ ಸಭಿಕರೇ,

ಭಜನಾ ಮಂಡಳಿಯೊಂದು ರಾಕ್ ಸಂಗೀತದ ಗಿಟಾರ್ ವಾದಕರಿಗೆ ಶಾಲು ಹೊದಿಸುವುದು ಎಲ್ಲಾದರೂ ಉಂಟೇ? ಉಂಟು. ಇಲ್ಲಿ ಉಂಟು. ಏಕೆ ಉಂಟು ಎಂಬುದನ್ನು ಚುಟುಕಾಗಿ ಹೇಳಬೇಕೆಂದು ಅಮ್ಮನ ಅಪ್ಪಣೆಯಾಗಿದೆ. ಅಪ್ಪಣೆ ಅವರದು, ಮೈಕು ನನ್ನದು.

1995ರ ಗಣೇಶನ ಹಬ್ಬ. ನಾನಾಗ ಒಂಬತ್ತನೆಯ ತರಗತಿ. ನಮ್ಮ ರಸ್ತೆಯ ಪೆಂಡಾಲಿನಲ್ಲಿ ಆರ್ಕೆಸ್ಟ್ರಾ. ಗಾಯಕರ ಮೇಲೆ ಬೆಳಕು, ಕೀಬೋರ್ಡಿನವರ ಮೇಲೆ ಬೆಳಕು. ಗಿಟಾರ್ ಹಿಡಿದ ಯುವರಾಜ್ ಅವರಿಗೆ ಮಾತ್ರ ಸ್ಪೀಕರ್ ಡಬ್ಬದ ಹಿಂದೆ ಜಾಗ. ಗಾಯಕರು ನೀರು ಕುಡಿಯಲು ನಿಂತಾಗ ಇವರು ತಮ್ಮದೇ ಒಂದು ರಾಗವನ್ನು, ಅಲ್ಲ, ರಾಗ ಎಂದರೆ ಅಮ್ಮ ಒಪ್ಪುವುದಿಲ್ಲ, ತಮ್ಮದೇ ಒಂದು ಸಿಟ್ಟನ್ನು ನುಡಿಸಿದರು. ನಾವೆಲ್ಲ ಹುಟ್ಟುವ ಮೊದಲಿನ ಇಂಗ್ಲಿಷ್ ರಾಕ್ ಕ್ಯಾಸೆಟ್ಟುಗಳನ್ನು ಟೇಪು ಸವೆಯುವವರೆಗೆ ಕೇಳಿ, ಯಾವ ಗುರುವೂ ಇಲ್ಲದೆ ಕಲಿತ ವಿದ್ಯೆ ಅದು ಎಂದು ಆಮೇಲೆ ತಿಳಿಯಿತು. ಆಗ ತಿಳಿದದ್ದು ಇಷ್ಟೇ: ನನ್ನ ಹೊಟ್ಟೆಯೊಳಗೆ ಏನೋ ಧೊಪ್ಪೆಂದು ಬಿತ್ತು. ಹಸಿವೆಂದುಕೊಂಡು ಎರಡು ಸಲ ಪುಳಿಯೋಗರೆ ತಿಂದೆ. ಹೋಗಲಿಲ್ಲ.

ಅಷ್ಟರಲ್ಲಿ ನಮ್ಮ ಇಂದಿನ ಅಧ್ಯಕ್ಷರು ಓಡಿ ಬಂದು ಪ್ಲಗ್ಗು ಕಿತ್ತರು. "ಏನಪ್ಪಾ ನೀನು, ಟ್ರಾನ್ಸ್‌ಫಾರ್ಮರ್ ಸುಟ್ಟೋಯ್ತು ಅಂದ್ಕೊಂಡ್ನಲ್ಲೋ!" ನಗಬೇಡಿ ಪಿಳ್ಳಣ್ಣನವರೇ, ನೀವೇ ಹೇಳಿದ್ದು.

ಆಗ ನಾನು ವೀಣೆ ಕಲಿಯುತ್ತಿದ್ದೆ. ಮರುವಾರದಿಂದ ಜಡೆ ಬಿಚ್ಚಿ, ತಲೆ ಕೊಡವುತ್ತಾ ವೀಣೆ ನುಡಿಸತೊಡಗಿದೆ. ಕೂತು ನುಡಿಸುವುದು ಸಾಲದೆನಿಸಿ ಒಂದು ದಿನ ಎದ್ದು ನಿಂತು ಅದನ್ನು ಕೊರಳಿಗೆ ತೂಗುಹಾಕಿಕೊಳ್ಳಲು ನೋಡಿದೆ. ವೀಣೆಯ ತೂಕ ಬಲ್ಲವರು ಮುಂದಿನದನ್ನು ಊಹಿಸಿಕೊಳ್ಳಬಹುದು. ಟೀಚರ್ ಕಮಲಾದೇವಿಯವರು ನಮ್ಮ ಮನೆಗೇ ಬಂದರು. "ನಾಗಲಕ್ಷ್ಮಮ್ಮ, ನಿಮ್ಮ ಹುಡುಗಿ ವೀಣೆ ನುಡಿಸ್ತಿಲ್ಲ ಕಣ್ರೀ, ಅದರ ಜೊತೆ ಜಗಳ ಆಡ್ತಿದಾಳೆ. ಎಲ್ಲಾ ಆ ಗಿಟಾರ್ ಹುಡುಗನ ದೆಸೆಯಿಂದ."

ಅಮ್ಮ ಸೆರಗು ಸಿಕ್ಕಿಸಿಕೊಂಡು ಯುವರಾಜ್ ಅವರ ಮನೆಗೆ ಹೊರಟರು. ಅಳುತ್ತಾ ಹಿಂದೆ ನಾನು. ಹೋಗಿ ನೋಡಿದರೆ ಅವರು ಗಿಟಾರನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತುತ್ತಿದ್ದರು. ಆರ್ಕೆಸ್ಟ್ರಾದವರು ಇನ್ನು ಬರಬೇಡ ಎಂದಿದ್ದರು. ಭಾವನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಲಿದ್ದರು. ಗಿಟಾರ್ ಕೊಳ್ಳುವವರು ಸಂಜೆಗೆ ಬರುವವರಿದ್ದರು.

ಅಮ್ಮ ಬಾಗಿಲಲ್ಲೇ ನಿಂತು, "ಅದೇನ್ ನುಡಿಸ್ತೀಯೋ, ನುಡಿಸು ನೋಡೋಣ" ಎಂದರು.

"ಬೇಡ ಆಂಟಿ, ಬಿಟ್ಬಿಟ್ಟೆ. ಯಾರಿಗೂ ಬೇಡ ಇದು."

"ಬಿಡೋನು ಸರಿಯಾಗಿ ನುಡಿಸಿ ಬಿಡು. ಬೈಯೋಕೆ ಅಂತ ಬಂದಿದೀನಿ, ಕೇಳ್ದೆ ಹೆಂಗೆ ಬೈಲಿ?"

ಅವರು ಬೆಡ್‌ಶೀಟು ಬಿಚ್ಚಿ ನುಡಿಸಿದರು. ಕಿಟಕಿಯ ಗಾಜು ಅದುರಿತು. ಪಕ್ಕದ ಮನೆಯ ನಾಯಿ ದನಿಗೂಡಿಸಿತು. ಅಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು, ಕಣ್ಣು ಮುಚ್ಚಿಕೊಂಡು, ಪೂರ್ತಿ ಕೇಳಿದರು. ಆಮೇಲೆ ಕಣ್ಣು ತೆರೆದು, "ಶ್ರುತಿ ಸರಿಯಿದೆ. ಶಬ್ದ ಜಾಸ್ತಿ. ಹಾರ್ಮೋನಿಯಂ ಮೀನಾಕ್ಷಮ್ಮ ಮಗಳ ಬಾಣಂತನಕ್ಕೆ ಹೋಗಿದಾರೆ. ಶುಕ್ರವಾರ ಸಂಜೆ ಭಜನೆಗೆ ಬಾ" ಎಂದರು. ಬೈಯುವುದು ಮರೆತೇಹೋಗಿತ್ತು.

ಮೊದಲ ಶುಕ್ರವಾರ ಏನಾಯಿತು? ಮಂಗಳಾರತಿಯ ಹೊತ್ತಿಗೆ ಸರಿಯಾಗಿ ಆಂಪ್ಲಿಫೈಯರ್ ಕಿರುಚಿಕೊಂಡಿತು. ಪಾರ್ವತಮ್ಮನವರು ಬೆಚ್ಚಿ ತಾಳ ಕೈಬಿಟ್ಟರು. ಅವರ ತಾಳ ಸರಿಯಾದ ಜಾಗಕ್ಕೆ ಬಿದ್ದದ್ದು ಅದೇ ಮೊದಲು. ಎರಡನೆಯ ವಾರ ಕ್ರಿಕೆಟ್ ಬಿಟ್ಟು ಹುಡುಗರೆಲ್ಲ ಭಜನೆಗೆ ಬಂದರು. ಚಿಕ್ಕಲಸಂದ್ರದಿಂದಲೂ ಜನ ಬರತೊಡಗಿದರು. ಮೀನಾಕ್ಷಮ್ಮನವರು ಬಾಣಂತನ ಮುಗಿಸಿ ಬಂದು, ಅರ್ಧ ಗಂಟೆ ಕೇಳಿ, ತಾವಾಗಿಯೇ ಹಾರ್ಮೋನಿಯಂ ಪೆಟ್ಟಿಗೆ ಮುಚ್ಚಿದರು.

ನನ್ನ ವಿಷಯ? ನನಗೆ ಗಿಟಾರ್ ಕಲಿಸಿ ಎಂದು ಕೇಳಲು ಹೊಸ ಚೂಡಿದಾರ್ ಹಾಕಿಕೊಂಡು, ಮಲ್ಲಿಗೆ ಮುಡಿದು ಹೋಗಿದ್ದೆ. ಗಿಟಾರ್ ಕಲಿಯಲು ಮಲ್ಲಿಗೆ ಏಕೆ ಎಂದು ಯಾರೂ ಕೇಳಬೇಡಿ. ಒಂದೇ ಏಟಿಗೆ ತಂತಿ ಹರಿದೆ. ಅವರು ನಕ್ಕು, "ನೀನು ಕೇಳೋದ್ರಲ್ಲಿ ಸಖತ್ ಕಣೇ ತಂಗಿ, ನುಡಿಸೋದು ನಂಗೆ ಬಿಡು" ಎಂದರು. ತಂಗಿ! ಸಭಿಕರೇ, ಆ ಒಂದು ಪದಕ್ಕೆ ನಾನು ಎರಡು ದಿನ ಊಟ ಬಿಟ್ಟೆ. ಮೂರನೆಯ ಸಾಲಿನಲ್ಲಿರುವ ನಮ್ಮ ಯಜಮಾನರು ಮುತ್ತುರಾಜ ಅವರು ದಯವಿಟ್ಟು ಹಾಗೆ ನೋಡಬಾರದು. ನೀವು ಆಗ ನನಗೆ ಪರಿಚಯವೇ ಇರಲಿಲ್ಲ.

ಇಷ್ಟು ವರ್ಷ ಯುವರಾಜ್ ಅವರು ಹಗಲು ಮೊಳೆ, ಬೋಲ್ಟು, ನಲ್ಲಿ ಮಾರಿದ್ದಾರೆ. ಶುಕ್ರವಾರ ಸಂಜೆ ನಮಗಾಗಿ ನುಡಿಸಿದ್ದಾರೆ. ಅವರದೊಂದು ಕ್ಯಾಸೆಟ್ಟಿಲ್ಲ, ಸಿ.ಡಿ. ಇಲ್ಲ, ಪೇಪರಿನಲ್ಲಿ ಫೋಟೋ ಇಲ್ಲ. ಆದರೆ ಹೋದ ವರ್ಷ, 2007ರಲ್ಲಿ, ಎಂ.ಜಿ. ರೋಡ್ ಕಡೆಯ ಒಂದು ದೊಡ್ಡ ರಾಕ್ ಬ್ಯಾಂಡಿನವರು ಅಂಗಡಿಗೇ ಬಂದು ಕರೆದರು. ನಾನು ಬಲ್ಬು ಕೊಳ್ಳಲು ಹೋದವಳು ಅಲ್ಲೇ ನಿಂತಿದ್ದೆ.

"ಶುಕ್ರವಾರ ರಜಾ ಕೊಡ್ತೀರಾ?" ಎಂದು ಇವರು ಕೇಳಿದರು.

"ನಮ್ಮ ಶೋ ಇರೋದೇ ಶುಕ್ರವಾರ, ಗುರು" ಎಂದರು ಅವರು.

"ಹಾಗಾದ್ರೆ ಆಗಲ್ಲ ಬಿಡಿ" ಎಂದು ಇವರು ನನಗೆ ಬಲ್ಬು ಟೆಸ್ಟ್ ಮಾಡಿ ಕೊಟ್ಟರು.

ನನಗೆ ತಡೆಯಲಾಗಲಿಲ್ಲ. "ಅಣ್ಣಾ, ತಲೆ ಕೆಟ್ಟಿದ್ಯಾ? ಸಾವಿರಾರು ಜನ ಕೇಳ್ತಿದ್ರು!"

ಅವರು ಹೇಳಿದ್ದನ್ನು ಹಾಗೆಯೇ ಒಪ್ಪಿಸುತ್ತೇನೆ. "ಅಲ್ಲಿ ಜನ ಬರ್ತಾರೆ, ಕುಣೀತಾರೆ, ಹೋಗ್ತಾರೆ ಲತಾ. ಇಲ್ಲಿ ನಾನು ಒಂದು ಸ್ವರ ತಪ್ಪಿದ್ರೆ ನಿಮ್ಮಮ್ಮ ಹಾಡ್ತಾ ಹಾಡ್ತಾನೇ ತಿರುಗಿ ನೋಡ್ತಾರೆ. ಅಷ್ಟು ಗಮನ ಕೊಟ್ಟು ನನ್ನ ಇನ್ಯಾರು ಕೇಳ್ತಾರೆ?"

ಅಮ್ಮಾ, ಇದನ್ನು ನಿಮಗೆ ಹೇಳಕೂಡದೆಂದು ಅವರು ನನ್ನಿಂದ ಆಣೆ ಮಾಡಿಸಿಕೊಂಡಿದ್ದರು. ಮೈಕಿನ ಮುಂದೆ ನಿಂತರೆ ನನಗೆ ಆಣೆ ನೆನಪಿರುವುದಿಲ್ಲ. ಯುವರಾಜ್ ಅವರೇ, ತಲೆ ಎತ್ತಿ. ಅಮ್ಮ ತಿರುಗಿ ನೋಡುತ್ತಿದ್ದಾರೆ, ಈ ಸಲ ಸ್ವರ ತಪ್ಪಿದ್ದಕ್ಕಲ್ಲ.

ಮಾತು ಉದ್ದವಾಯಿತು, ಸಾರು ಆರುತ್ತಿದೆ. ತಾಳ್ಮೆಯಿಂದ ಕೇಳಿದ ನಿಮ್ಮೆಲ್ಲರಿಗೂ, ಕೇಳಿದಂತೆ ಕುಳಿತಿದ್ದವರಿಗೂ ನನ್ನ ಧನ್ಯವಾದ, ನಮಸ್ಕಾರ.