ಗೋವಿನಕೋವಿಯಲ್ಲಿ ಕಾದ ಎಂಜಿನ್

ಎಪ್ಪತ್ತೆಂಟರ ಬೇಸಿಗೆ. ಹೊನ್ನಾಳಿಯಲ್ಲಿ ದಾವಣಗೆರೆ ಬಸ್ಸು ಕಾಯುತ್ತಾ ಗ್ಯಾರೇಜಿನ ನೆರಳಿಗೆ ಕೂತಿದ್ದ ಹುಲಿಗೆಮ್ಮನ ಕಿವಿಯೆಲ್ಲಾ ಪಕ್ಕದ ಹಳೇ ಕಾರಿನ ಕಡೆಗೇ ಇತ್ತು. ಬಾನೆಟ್ಟಿನೊಳಗೆ ತಲೆ ತೂರಿಸಿದ್ದ ಮೇಸ್ತ್ರಿ ನಗುತ್ತಾ ಎದ್ದ.

“ರೇಡಿಯೇಟರ್ ಮುಟ್ಟಿ ನೋಡ್ರಿ ಯಜಮಾನ್ರೇ. ನಿನ್ನೆಯಿಂದ ನಿಂತ ಕಾರು, ತಣ್ಣಗೈತೆ. ಆದ್ರೂ ಚಾವಿ ತಿರುಗಿಸಿದ ಕೂಡ್ಲೆ ಬಿಸಿ ತೋರಿಸೋ ಮೀಟರಿನ ಮುಳ್ಳು ಕೆಂಪಿಗೆ ಹೋಗ್ತೈತೆ.”

“ಅಂದ್ರೆ?” ಅಂದರು ಕಾರಿನ ಯಜಮಾನ ಮರುಳಪ್ಪನವರು.

“ಮೀಟರಿನ ವೈರು ಸುಲಿದು ಎಂಜಿನ್ನಿಗೆ ತಾಗೈತ್ರಿ. ಎಂಜಿನ್ ಕಾದೇ ಇಲ್ಲ.”

“ನಿನ್ನೆ ಗೋವಿನಕೋವೀಲಿ ಮುಳ್ಳು ಕೆಂಪಿಗೆ ಹೋತು ಅಂತ ನಿಲ್ಲಿಸಿದ್ವಲ್ಲ, ಆಗ?”

“ಅಲ್ಲೂ ಇಲ್ಲ.”

ಹಿಂದಿನ ಸೀಟಿನಲ್ಲಿದ್ದ ಅವರ ಹೆಂಡತಿ ಕಸ್ತೂರಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

“ನನ್ನ ತಮ್ಮನ ಮದುವೇಲಿ ಮೊದಲ ಪಂಕ್ತಿಗೆ ಕರೀಲಿಲ್ಲ ಅಂತ ಏಳು ವರ್ಷ ಗೋವಿನಕೋವೀಲಿರೋ ಅವನ ಮನೆ ನೀರು ಮುಟ್ಟಲಿಲ್ಲ ನೀವು!”

“ನಿನ್ನೆ ನಾನು ನೀರು ಕೇಳಿದ್ದು ಕಾರಿಗೆ ಕಣೇ.”

“ಕಾರಿಗೆ ಒಂದು ಕೊಡ. ನಿಮಗೆ ಎರಡು ಚೊಂಬು. ಆಮೇಲೆ ನಾಕು ಹೋಳಿಗೆ.”

“ಅವನು ಬಡಿಸ್ತಾನೇ ಇದ್ದ. ಬ್ಯಾಡ ಅನ್ನಾಕೆ ಆಗುತ್ತಾ?”

“ಎಲ್ಲಿ ಬ್ಯಾಡ ಅಂದ್ರಿ? ಇಬ್ರೂ ಎಲೆ ಮುಂದೆ ಕಣ್ಣು ಒರೆಸಿಕೊಳ್ತಾ ಕೂತಿದ್ರಿ.”

ಮೇಸ್ತ್ರಿ ಟೇಪು ಕೈಗೆ ತಗೊಂಡ. “ವೈರಿಗೆ ಸುತ್ತಿಬಿಡ್ತೀನ್ರಿ. ಎರಡೇ ನಿಮಿಷ.”

ಮರುಳಪ್ಪನವರು ಧಡಕ್ಕನೆ ಬಾನೆಟ್ಟು ಮುಚ್ಚಿದರು.

“ಇವತ್ತು ಬ್ಯಾಡಪ್ಪ. ವಾಪಸ್ಸು ಅದೇ ದಾರೀಲಿ ಹೋಗ್ಬೇಕು.”

ಹುಲಿಗೆಮ್ಮ ನೋಡುತ್ತಿದ್ದಂತೆಯೇ ಕಾರು ಗೋವಿನಕೋವಿ ಕಡೆಗೆ ತಿರುಗಿತು.