ಶೆಟ್ಟೆವ್ವ ಹೇಳಿಕಳಿಸಿದ ಮಾತು

ಅಧ್ಯಕ್ಷತೆ ವಹಿಸಿರುವ ನಮ್ಮ ಚರ್ಚಿನ ಸಭಾಪಾಲಕರಾದ ಸಂಜೀವಕುಮಾರ ಅವರೇ, ಈ ಸೆಕೆಯಲ್ಲಿ ನಾವು ಹೊದಿಸಿದ ಶಾಲನ್ನು ತೆಗೆಯಲೂ ಆಗದೆ ಇಟ್ಟುಕೊಳ್ಳಲೂ ಆಗದೆ ಕುಳಿತಿರುವ ಅಪ್ಪಾಸಾಬ ಮಾಸ್ತರರೇ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿಂದ ಬಸ್ಸು ಹಿಡಿದು ಬಂದಿರುವ ಅತಿಥಿಗಳೇ, ಸಿಂದಗಿಯ ನನ್ನ ಪ್ರೀತಿಯ ಸಭಿಕರೇ,

ಇಲ್ಲಿನ ಶಾಲೆಯಲ್ಲಿ ಕಲಿಸಿ, ಇಷ್ಟು ವರ್ಷ ನಮ್ಮ ಗಾಯನ ತಂಡವನ್ನು ನಡೆಸಿದ ಮಾಸ್ತರರು ಇನ್ನು ಮುಂದೆ ಚಡಚಣದಲ್ಲಿ ಮಗಳು ಸಾಕ್ಷಿಯ ಮನೆಯಲ್ಲಿ ಇರುತ್ತಾರೆ. ಅವರ ಹಾಡಿನ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ನನ್ನನ್ನು ಕರೆದಿದ್ದೀರಿ. ಹಾಡಿನ ಬಗ್ಗೆ ನಾನೇನು ಹೇಳಲಿ? ನಾನು ಆ ತಂಡದಲ್ಲಿದ್ದಾಗ ಇವರು ಟೀಚರಮ್ಮನಾದ ನನ್ನನ್ನು ಕೊನೆಯ ಸಾಲಿನಲ್ಲಿ ನಿಲ್ಲಿಸಿ, "ಬಾಯಾರ, ನೀವು ಬರೇ ಬಾಯಿ ಆಡಸ್ರಿ, ಸಾಕು" ಎಂದವರು. ನಗಬೇಡಿ, ಇದು ನಡೆದದ್ದು.

ಈಗ ಸಭಾಪಾಲಕರು ಶೋಧನೆಯ ಬಗ್ಗೆ, ಮನಸ್ಸನ್ನು ಪಾಪದ ಕಡೆಗೆ ಎಳೆಯುವ ಆಸೆಯ ಬಗ್ಗೆ ಮಾತಾಡಿದರು. ಶೋಧನೆ ಬಂದಾಗ ಅದರೊಡನೆ ವಾದಿಸುತ್ತ ಕೂಡಬೇಡಿ, ಎದ್ದು ಓಡಿಹೋಗಿ ಎಂದರು. ಮಾಸ್ತರರ ಬದುಕನ್ನೇ ಉದಾಹರಣೆ ಕೊಟ್ಟರು. ಅದು ನಿಜವೇ? ನಿಜ. ಎಷ್ಟು ನಿಜ ಎಂದು ನನ್ನಷ್ಟು ಬಲ್ಲವರು ಈ ಸಭೆಯಲ್ಲಿ ಮತ್ತೊಬ್ಬರಿಲ್ಲ. ಆದ್ದರಿಂದ ನಾನು ಸಿದ್ಧಮಾಡಿಕೊಂಡು ಬಂದ ಭಾಷಣ ಹಾಗೇ ಇರಲಿ.

ಗಂಡ ತೀರಿಕೊಂಡ ಮೇಲೆ ನನಗೆ ದೇವಣಗಾಂವದ ಶಾಲೆಯಲ್ಲಿ ಕೆಲಸ ಸಿಕ್ಕಿತು. ಭಾನುವಾರ ಆರಾಧನೆಗೆ ಇಲ್ಲಿಗೆ ಬರುತ್ತಿದ್ದೆ. ಆಗ ಇಡೀ ಸಿಂದಗಿಯಲ್ಲಿ ನನಗೆ ಬೇಕಾದವಳೆಂದರೆ ಒಬ್ಬಳೇ, ಮಾಸ್ತರರ ಹೆಂಡತಿ ಶೆಟ್ಟೆವ್ವ. ಸಾಕ್ಷಿ ಹುಟ್ಟಿದ ಮೇಲೆ ಆಕೆಗೆ ಲಕ್ವ ಹೊಡೆದು ಎಡಗೈ, ಎಡಗಾಲು ಸ್ವಾಧೀನ ತಪ್ಪಿದ್ದವು. ಹೊಸ್ತಿಲು ದಾಟುತ್ತಿರಲಿಲ್ಲ. ಆರಾಧನೆ ಮುಗಿದೊಡನೆ ನಾನು ಅವರ ಮನೆಗೆ ಹೋಗಿ ಆಕೆಯ ತಲೆ ಬಾಚಿ, ಯಾರು ಯಾವ ಸೀರೆ ಉಟ್ಟಿದ್ದರು, ಪಾಲಕರ ಪ್ರಸಂಗದ ನಡುವೆ ಯಾರು ನಿದ್ದೆ ಮಾಡಿದರು ಎಂಬುದನ್ನೆಲ್ಲ ಹೇಳುತ್ತಿದ್ದೆ. ಶೆಟ್ಟೆವ್ವ ನಕ್ಕರೆ ಆಚೆ ಮನೆಗೂ ಕೇಳುತ್ತಿತ್ತು. ನಾನು ವಿಧವೆ ಎಂಬುದು ಆ ಹೊತ್ತಿಗೆ ನನಗೇ ಮರೆತುಹೋಗುತ್ತಿತ್ತು.

ಹಾಗೆ ಮಾತಿಗೆ ಕುಳಿತು ಅನೇಕ ಸಲ ಬಸ್ಸು ತಪ್ಪುತ್ತಿತ್ತು. ಆಗ ಶೆಟ್ಟೆವ್ವನೇ ಗಂಡನಿಗೆ ಸ್ಕೂಟರಿನ ಮೇಲೆ ನನ್ನನ್ನು ಊರು ಮುಟ್ಟಿಸಿ ಬರಲು ಹೇಳುತ್ತಿದ್ದಳು. ಮೊದಮೊದಲು ಹಾದಿಯಲ್ಲಿ ಶಾಲೆಯ ಮಾತು, ಹಾಡಿನ ಮಾತು. ಆಮೇಲೆ ಮನಸ್ಸಿನ ಮಾತು. ಆಮೇಲೆ ಮಾತೇ ಇರುತ್ತಿರಲಿಲ್ಲ, ಆದರೂ ಇಬ್ಬರಿಗೂ ಬೇಸರವಿರಲಿಲ್ಲ. ಬಸ್ಸು ತಪ್ಪಲಿ ಎಂದು ನಾನು ಬೇಕೆಂದೇ ತಡಮಾಡತೊಡಗಿದೆ. ಇದನ್ನು ನಾನು ಹೇಳಬಾರದಿತ್ತೇನೋ. ಹೇಳಿಯಾಯಿತು.

ಒಂದು ಮಧ್ಯಾಹ್ನ ಊರು ಇನ್ನೂ ಒಂದಿಷ್ಟು ದೂರವಿರುವಾಗ ಮಾಸ್ತರರು ಬೇವಿನ ಗಿಡದ ಕೆಳಗೆ ಗಾಡಿ ನಿಲ್ಲಿಸಿದರು. ಎಂಜಿನ್ ಬಂದ್ ಮಾಡಲಿಲ್ಲ, ನನ್ನ ಕಡೆಗೆ ತಿರುಗಲೂ ಇಲ್ಲ.

"ಬಾಯಾರ, ಇನ್ನ ಮ್ಯಾಲೆ ನೀವು ಬಸ್ಸಿಗೇ ಹೋಗ್ರಿ" ಎಂದರು. "ದೇವಣಗಾಂವ ಭಾಳ ಲಗೂನ ಬರಾಕತ್ತೈತಿ ಅಂತ ನನಗ ಅನಸಾಕತ್ತೈತಿ. ಇದು ಛಲೋ ಅಲ್ಲ."

ಊರು ಬಹಳ ಬೇಗ ಬಂದುಬಿಡುತ್ತದೆ ಎಂದು ನನಗೂ ಅನಿಸುತ್ತಿತ್ತು. "ಆತ್ರಿ" ಎಂದು ಇಳಿದು ಉಳಿದ ಹಾದಿಯನ್ನು ನಡೆದೆ. ಕಣ್ಣೀರು ಬಂದದ್ದು ನಾಚಿಕೆಗೋ, ಸಿಟ್ಟಿಗೋ, ಇವತ್ತಿಗೂ ತಿಳಿದಿಲ್ಲ. ಮನೆಗೆ ಹೋಗಿ ಮೊಣಕಾಲೂರಿ ಪ್ರಾರ್ಥಿಸಿದೆ. ಆ ಮನೆಯ ಹೊಸ್ತಿಲು ತುಳಿಯುವುದಿಲ್ಲ, ಮಾಸ್ತರರೊಡನೆ ಒಬ್ಬಳೇ ನಿಂತು ಮಾತಾಡುವುದಿಲ್ಲ ಎಂದು ಕರ್ತನಿಗೆ ಮಾತು ಕೊಟ್ಟೆ. ನಾಲತವಾಡಕ್ಕೆ ವರ್ಗ ಮಾಡಿಸಿಕೊಂಡೆ, ಮುದ್ದೇಬಿಹಾಳದ ಚರ್ಚಿನ ಸಭೆಗೆ ಹೋಗತೊಡಗಿದೆ. ಶೆಟ್ಟೆವ್ವನಿಗೆ ಏನೆಂದು ಹೇಳಲಿ? ಏನನ್ನೂ ಹೇಳಲಿಲ್ಲ. ಬರಬೇಕೆಂದು ಹೇಳಿಕಳಿಸಿದಾಗಲೆಲ್ಲ ಕೆಲಸದ ನೆವ ಹೇಳಿದೆ. ಕೆಲವು ವರ್ಷಗಳ ಮೇಲೆ ಆಕೆ ಹೇಳಿಕಳಿಸುವುದನ್ನೂ ಬಿಟ್ಟಳು. ನಾವು ಗೆದ್ದೆವು ಎಂದುಕೊಂಡೆ. ಗೆಲುವು ಅಲ್ಲದೆ ಮತ್ತೇನು?

ಮೊನ್ನೆ ಮೊನ್ನೆ, ತೀರಿಕೊಳ್ಳುವುದಕ್ಕೆ ಒಂದು ತಿಂಗಳ ಮೊದಲು, ಶೆಟ್ಟೆವ್ವ ಸಭಾಪಾಲಕರ ಮನೆಯವರಾದ ಸುನಂದಾ ಅವರ ಕೈಯಲ್ಲಿ ನನ್ನನ್ನು ಕರೆಸಿದಳು. ಮಾಸ್ತರರು ಆರಾಧನೆಗೆ ಹೋದ ಹೊತ್ತು. ಹೊಸ್ತಿಲು ತುಳಿಯುವುದಿಲ್ಲವೆಂಬ ಮಾತನ್ನು ಅಂದು ಮುರಿದೆ. ಸುನಂದಾ ನನ್ನನ್ನು ಒಳಗೆ ಬಿಟ್ಟು ತಾವು ಹೊರಗೆ ಕುಳಿತರು. ಹಾಸಿಗೆಯ ಮೇಲೆ ಇಷ್ಟೇ ಇಷ್ಟು ಆಗಿದ್ದಳು ನನ್ನ ಗೆಳತಿ. ನಾನು ಏನೇನೋ ಹೇಳಲು ಹೋದೆ. ಕೈ ಎತ್ತಿ ತಡೆದಳು.

"ನನಗ ಗೊತ್ತೈತಿ ಬಿಡ" ಎಂದಳು. "ಆವತ್ತ ಅವರು ನಿನ್ನ ಬಿಟ್ಟ ಬಂದು ಊಟಾ ಮಾಡ್ಲಿಲ್ಲ, ಹಾಡಾಕ ಬಾಜಾಪೆಟಗಿನೂ ಮುಟ್ಟಲಿಲ್ಲ. ಆವತ್ತ ತಿಳೀತು. ಇಬ್ಬರೂ ನನ್ನ ಸಲುವಾಗಿ ಖರೇನ ದೊಡ್ಡ ಕೆಲಸಾ ಮಾಡಿದ್ರಿ. ನನಗ ಸಿಟ್ಟಿಲ್ಲ."

ನಂತರ ನನ್ನ ಮುಖ ನೋಡಿ ಒಂದೇ ಮಾತು ಕೇಳಿದಳು.

"ಅವರು ಸಾಲಿಗೆ ಹೋದ ಮ್ಯಾಲೆ ನೀ ಬರಬಹುದಿತ್ತಲ್ಲ, ಸುವರ್ಣಾ?"

ಸಭಿಕರೇ, ಬರಬಹುದಿತ್ತು. ಮಾಸ್ತರರು ಶಾಲೆಯಲ್ಲಿರುವ ಹೊತ್ತಿಗೆ, ನಾನೊಂದು ದಿನ ರಜೆ ಹಾಕಿ ಬರಬಹುದಿತ್ತು. ಅದು ನನಗೆ ಹೊಳೆಯಲೇ ಇಲ್ಲ. ಯಾಕೆ ಹೊಳೆಯಲಿಲ್ಲ? ನಾನು ನನ್ನ ಆತ್ಮವನ್ನು ಕಾಯುವುದರಲ್ಲಿದ್ದೆ. ಮಾಸ್ತರರು ತಮ್ಮದನ್ನು ಕಾಯುವುದರಲ್ಲಿದ್ದರು. ಶೆಟ್ಟೆವ್ವ ಗೋಡೆ ನೋಡುತ್ತ ಕುಳಿತಿದ್ದಳು. ಓಡಿಹೋಗಿ ಎಂದು ಸಭಾಪಾಲಕರು ಹೇಳಿದ್ದು ಸರಿ. ಇಂದಿಗೂ ನನ್ನ ಮಾತು ಅದೇ. ಹೆಣ್ಣುಮಕ್ಕಳೇ, ಗಂಡುಮಕ್ಕಳೇ, ಓಡಿರಿ. ಆದರೆ ಯಾವುದರಿಂದ ಓಡಬೇಕೋ ಅದರಿಂದಷ್ಟೇ ಓಡಿರಿ. ನಾನು ಪ್ರೀತಿಸಿದವಳಿಂದಲೂ ಓಡಿದೆ.

ಇದನ್ನೆಲ್ಲ ಇಷ್ಟು ಜನರ ಎದುರು ಯಾಕೆ ಹೇಳಿದೆ ಎಂದು ಕೇಳುತ್ತೀರಿ. ಮಾಸ್ತರರಿಗೆ ಮುಟ್ಟಿಸಬೇಕಾದ ಮಾತೊಂದಿದೆ, ಅವರೊಡನೆ ಒಬ್ಬಳೇ ಮಾತಾಡುವುದಿಲ್ಲವೆಂದು ನಾನು ಕೊಟ್ಟ ಮಾತೂ ಹಾಗೇ ಇದೆ. ಬೇರೆ ದಾರಿ ತೋಚಲಿಲ್ಲ. ಸಾಕ್ಷಿ, ನೀನು ಕ್ಷಮಿಸಬೇಕವ್ವಾ.

ಮಾಸ್ತರರೇ, ನಿಮ್ಮ ಹೆಂಡತಿಗೆ ಎಲ್ಲ ತಿಳಿದಿತ್ತು. ತಾನು ಇರುವವರೆಗೂ ನಿಮಗೆ ಹೇಳಬಾರದೆಂದಳು. "ನನಗ ಗೊತ್ತೈತಿ ಅಂತ ತಿಳದ್ರ ಅವರು ಹಾಡೂದ ಬಿಡ್ತಾರ. ನಾ ಹೋದ ಮ್ಯಾಲೆ ಹೇಳು, ಎದೆ ಹಗುರ ಮಾಡ್ಕೊಂಡು ಇರ್ಲಿ" ಎಂದಳು. ಇಷ್ಟೇ ಆಕೆಯ ಮಾತು. ತಲೆ ಎತ್ತಿರಿ ಮಾಸ್ತರರೇ, ನೀವು ತಲೆ ತಗ್ಗಿಸುವಂಥದ್ದು ಏನೂ ನಡೆದಿಲ್ಲ.

ಕೊಟ್ಟ ಸಮಯಕ್ಕಿಂತ ಹೆಚ್ಚು ತೆಗೆದುಕೊಂಡೆ. ನಡುವೆ ಗಂಟೆ ಬಾರಿಸದೆ ಕೇಳಿದ ಅಧ್ಯಕ್ಷರಿಗೆ, ಎದ್ದುಹೋಗದೆ ಕುಳಿತ ನಿಮಗೆಲ್ಲರಿಗೆ ನಾನು ಋಣಿ. ಎಲ್ಲರಿಗೂ ನಮಸ್ಕಾರ.