ಫ್ಲೆಕ್ಸಿನಲ್ಲಿ ಪ್ರಥಮ

ಅರಕಲಗೂಡು ಬಸ್ ಸ್ಟ್ಯಾಂಡಿನಲ್ಲಿ ಹೂ ಕಟ್ಟುತ್ತಿದ್ದ ಲಕ್ಕಮ್ಮನ ಪಕ್ಕದಲ್ಲೇ ಮಾವ, ಅಳಿಯ ಬಂದು ನಿಂತರು. ಎದುರಿನ ಫ್ಲೆಕ್ಸಿನಲ್ಲಿ ಅಳಿಯನೇ ಕಾರಿಗೊರಗಿ ನಗುತ್ತಿದ್ದ: 'ಆರು ಗಂಟೆಗಳ ಕಾರ್ ರೇಸಿನಲ್ಲಿ ಸುದರ್ಶನ್ ಪ್ರಥಮ.'

"ಅದನ್ನ ಇಳಿಸ್ಬುಡಿ ಮಾವ."

"ಯಾಕ್ಲಾ? ನಮ್ಮಳಿಯ ಅಂತ ನಾನೇ ಆಕ್ಸಿರೋದು. ಫಸ್ಟ್ ಬಂದಿಲ್ವಾ?"

"ಬಂದಿದ್ದು ನಮ್ಮ ಕ್ಲಾಸಲ್ಲಿ. ದೊಡ್ಡ ಇಂಜಿನ್ದು, ಸಣ್ಣ ಇಂಜಿನ್ದು ಎಲ್ಲಾ ಒಟ್ಟಿಗೇ ಓಡ್ತವೆ, ಪ್ರೈಜು ಮಾತ್ರ ಒಂದೊಂದು ಕ್ಲಾಸಿಗೂ ಬೇರೆ ಬೇರೆ."

"ಅಂಗಾರೆ ಫಸ್ಟೇ ಕಣ್ಲಾ."

"ನಮ್ಮ ಕ್ಲಾಸಲ್ಲಿ ಇದ್ದಿದ್ದೇ ಎರಡು ಕಾರು. ಇನ್ನೊಂದು ಅರ್ಧದಲ್ಲೇ ಕೆಟ್ಟು ನಿಂತೋಯ್ತು. ಕೊನೇವರ್ಗೂ ಓಡಿದ ಕಾರುಗಳಲ್ಲಿ ನಮ್ದೇ ಕೊನೇದು."

ಮಾವ ಫ್ಲೆಕ್ಸಿಗೆ ಬೆನ್ನು ಹಾಕಿ ನಿಂತ. ಲಕ್ಕಮ್ಮ ತಲೆಯೆತ್ತಲಿಲ್ಲ.

ಹಾಸನದ ಬಸ್ಸು ಬಂತು. ಕಂಡಕ್ಟರ್ ಫ್ಲೆಕ್ಸನ್ನೂ ಹುಡುಗನನ್ನೂ ನೋಡಿದ.

"ಅದ್ರಲ್ಲಿರೋರು ನೀವೇ ಅಲ್ವಾ ಸಾ?"

ಸುದರ್ಶನ್ ಬಾಯಿ ತೆರೆಯುವ ಮೊದಲೇ ಮಾವ ಹೇಳಿದ:

"ಅಲ್ಲ ಕಣಪ್ಪ, ಆ ಹುಡುಗ ಬ್ಯಾರೆ."

ಇಬ್ಬರೂ ಬಸ್ಸು ಹತ್ತಿ ಬೇರೆ ಬೇರೆ ಸೀಟಿನಲ್ಲಿ ಕುಳಿತರು.